ಮಾವನ ಮಷೀನ್ ಗನ್

ಎಲ್ಜಿ ಬ್ಲೆವಿನ್ಸ್ ತೊಂಬತ್ತಮೂರು ವರ್ಷ ಬದುಕಿ, ಒಂದು ಬೆಳಗ್ಗೆ ಕಾಫಿ ಕೇಳಿ, ಕಾಫಿ ಬರುವಷ್ಟರಲ್ಲಿ ಹೊರಟುಹೋದರು. ಹೋಗುವಾಗ ಮಗ ಗಾರ್ಲೆಂಡ್‌ಗೆ ತಮ್ಮ ಪಿಕಪ್ ಗಾಡಿಯನ್ನೂ ಯುದ್ಧದ ಪದಕಗಳನ್ನೂ ಬಿಟ್ಟರು. ಮಗಳು ನೊರೀನ್‌ಗೆ ಮನೆಯನ್ನು ಬಿಟ್ಟರು, ಅದರ ಸೋರುವ ಸೂರಿನ ಸಮೇತ. ಅಳಿಯ ಲೋವೆಲ್ ಟ್ಯಾಕೆಟ್‌ಗೆ ಬಿಟ್ಟದ್ದು ಒಂದು ಬೇಟೆನಾಯಿ. ಬಹಳ ವರ್ಷ ಒಂದೇ ಸೂರಿನಡಿ ಮಾವನ ಉಗುರು ಕತ್ತರಿಸಿ, ಮಾತ್ರೆ ನುಂಗಿಸಿ, ಯುದ್ಧದ ಕಥೆಗೆ ಹೂಂಗುಟ್ಟಿದ್ದಕ್ಕೆ ಒಂದು ನಾಯಿ. ಅದೂ ಕಿವುಡು.

ಲೋವೆಲ್ ಅದನ್ನು ಮನಸ್ಸಿಗೇನೂ ಹಚ್ಚಿಕೊಂಡಿರಲಿಲ್ಲ. ಯಾರೂ ಕೇಳದೆ ಇದ್ದಿದ್ದರೆ ಅವನೂ ಹೇಳುತ್ತಿರಲಿಲ್ಲ, ಕೆಂಟಕಿಯ ಕೋಲ್ಡ್ ಬ್ರಾಂಚ್ ಕಣಿವೆಯ ಜನ ಇಷ್ಟು ದಿನಕ್ಕೆ ಬೇರೆ ಯಾರದೋ ಸುದ್ದಿ ಆಡಿಕೊಂಡಿರುತ್ತಿದ್ದರು. ಆದರೆ ಸಾವಿನ ಊಟದಲ್ಲಿ ಜನ ಕೇಳಿಯೇ ಕೇಳುತ್ತಾರೆ. ಅತ್ತು ಮುಗಿದ ಬಾಯಿಗೆ ಬೇರೆ ಕೆಲಸ ಬೇಕಲ್ಲ.

ಅಂದು ಎಲ್ಲವೂ ಪದ್ಧತಿಯಂತೆಯೇ ನಡೆದಿತ್ತು. ಹಿಂದಿನ ರಾತ್ರಿ ಶವ ಚರ್ಚಿನಲ್ಲಿತ್ತು. ಮನೆಯವರು ಜಾಗರಣೆ ಕೂತಿದ್ದರು, ಅಂದರೆ ನೊರೀನ್ ಕೂತಿದ್ದಳು, ಉಳಿದವರು ಬೆಂಚುಗಳ ಮೇಲೆ ಗೊರಕೆ ಹೊಡೆದಿದ್ದರು. ಗುಂಡಿಯನ್ನು ನೆರೆಯವರೇ ಗುದ್ದಲಿ ಹಿಡಿದು ತೋಡಿದ್ದರು. ಆ ಚರ್ಚಿನಲ್ಲಿ ವಾದ್ಯಗಳಿಲ್ಲ, ಕೈಯಲ್ಲಿ ಪುಸ್ತಕಗಳೂ ಇಲ್ಲ. ಪಾದ್ರಿ ಹೋಬರ್ಟ್ ಅಣ್ಣ ಕಣ್ಣು ಮುಚ್ಚಿ ಒಂದು ಸಾಲು ಎತ್ತಿಕೊಡುತ್ತಾನೆ. ಜನ ಆ ಸಾಲನ್ನು ಇಸಿದುಕೊಂಡು, ಎಳೆದೆಳೆದು, ಬೆಟ್ಟದ ಮೇಲಿನ ಮಂಜಿನ ಹಾಗೆ ಹಬ್ಬಿಸುತ್ತಾರೆ. ಅದು ಕರಗುವಷ್ಟರಲ್ಲಿ ಅವನು ಇನ್ನೊಂದು ಸಾಲು ಕೊಡುತ್ತಾನೆ. ಲೋವೆಲ್ ಮಾತ್ರ ಹುಟ್ಟಿದಾಗಿನಿಂದ ಅರ್ಧ ಸಾಲು ಹಿಂದೆ. ಎಲ್ಲರೂ ಸ್ವರ್ಗ ತಲುಪಿದ ಮೇಲೆ ಅವನೊಬ್ಬನೇ ಇನ್ನೂ ಹೊಳೆ ದಾಟುತ್ತಿರುತ್ತಿದ್ದ.

ಪೆಟ್ಟಿಗೆ ಹೊತ್ತು ಗುಡ್ಡ ಹತ್ತುವಾಗ ಎಸ್ಟಿಲ್ ಮಲಿನ್ಸ್ ಏದುಸಿರು ಬಿಟ್ಟ. ನಿವೃತ್ತ ಗಣಿ ಕೆಲಸಗಾರ, ಎದೆಯಲ್ಲಿ ಅರ್ಧ ಗಾಳಿ, ಅರ್ಧ ಕಲ್ಲಿದ್ದಲ ಪುಡಿ.

"ಅಲ್ಲ ಮಾರಾಯ, ಮುದುಕ್ರು ಕೊನೇ ಕಾಲ್ದಲ್ಲಿ ಮೂಳೆ ಚಕ್ಳ ಆಗಿದ್ರು. ಇಷ್ಟು ಭಾರ ಎಲ್ಲಿಂದ ಬಂತು?"

"ಪಾಪದ ಭಾರ," ಎಂದ ಹಿಂದಿನಿಂದ ಯಾರೋ. ಹೋಬರ್ಟ್ ಅಣ್ಣ ಕೆಮ್ಮಿದ.

ಹೂಳಿ ಬಂದ ಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಊಟ. ಬೇಯಿಸಿದ ಬೀನ್ಸು, ಜೋಳದ ರೊಟ್ಟಿ, ಹಂದಿಮಾಂಸ, ಏಳು ಮನೆಯ ಏಳು ತರದ ಆಲೂಗಡ್ಡೆ. ಗಂಡಸರ ಮೇಜಿನಲ್ಲಿ ಗಾರ್ಲೆಂಡ್ ಅಂಗಿಗೆ ಅಪ್ಪನ ಪದಕವೊಂದನ್ನು ಚುಚ್ಚಿಕೊಂಡು ಕೂತಿದ್ದ. ಒಹಾಯೋದ ಡೇಟನ್ನಿನಲ್ಲಿ ಹಳೇ ಕಾರು ಮಾರುವವನು. ಬಾಯಿ ತೆರೆದರೆ ವ್ಯಾಪಾರ.

ಎಸ್ಟಿಲ್ ಕೇಳಿದ: "ನಿಂಗೇನಪ್ಪ ಬಿಟ್ಟೋದ್ರು, ಲೋವೆಲ್?"

"ನಾಯಿ!" ಎಂದ ಗಾರ್ಲೆಂಡ್. "ಭಾವ ಇಷ್ಟ್ ವರ್ಷ ಬೊಗಳಿದ್ದು ಅಪ್ಪಂಗೆ ಕೇಳಿಸ್ಲಿಲ್ಲ ನೋಡಿ, ಅದ್ಕೇ ಈಗ ಭಾವ ಕರೆಯೋದು ನಾಯಿಗೆ ಕೇಳಿಸಲ್ಲ."

ಮೇಜು ಪೂರ್ತಿ ನಕ್ಕಿತು. ಸಾವಿನ ಊಟದ ನಗು ಕೆಟ್ಟದ್ದು. ಬೆಳಗ್ಗೆಯಿಂದ ತಡೆಹಿಡಿದದ್ದು ಒಟ್ಟಿಗೇ ಬರುತ್ತದೆ. ಲೋವೆಲ್ ರೊಟ್ಟಿಯನ್ನು ಬೀನ್ಸಿನಲ್ಲಿ ಅದ್ದಿ, ಬಾಯಿಗಿಡದೆ, ತಟ್ಟೆಗೆ ವಾಪಸು ಇಟ್ಟ.

"ನಾಯಿ ಒಂದೇ ಅಲ್ಲ," ಎಂದ. "ಮಷೀನ್ ಗನ್ನೂ ಬಿಟ್ಟಿದಾರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಎರಡೂ ಒಂದೇ ಏಟಿಗೆ ಹೋದವು.

ಜರ್ಮನಿಯಲ್ಲಿ ಒಬ್ಬ ಸಿಪಾಯಿಯ ಕೈಯಿಂದ ಕಿತ್ತುಕೊಂಡು, ಬಟ್ಟೆ ಚೀಲದ ತಳದಲ್ಲಿಟ್ಟು ಆ ಗನ್ ತಂದಿದ್ದೆ ಎಂದು ಮುದುಕರು ಜಗಲಿಯ ಮೇಲೆ ಕೂತು ಹೇಳುತ್ತಿದ್ದ ಕಥೆ ಎಲ್ಲರಿಗೂ ಗೊತ್ತಿತ್ತು. ಪ್ರತಿ ಬೇಸಿಗೆಗೂ ಆ ಸಿಪಾಯಿ ಒಂದಡಿ ಎತ್ತರವಾಗುತ್ತಿದ್ದ. ಗನ್ನನ್ನು ಮಾತ್ರ ಯಾರೂ ಕಂಡಿರಲಿಲ್ಲ. ಲೋವೆಲ್ ಕೂಡ ಕಂಡಿರಲಿಲ್ಲ. ಆದರೆ ಇಪ್ಪತ್ತು ಜನ ಗಂಡಸರು ಚಮಚ ಕೆಳಗಿಟ್ಟು ತನ್ನನ್ನೇ ನೋಡುವುದು ಅವನ ಜೀವಮಾನದಲ್ಲಿ ಅದೇ ಮೊದಲು.

"ನಿಜವಾದ್ದಾ? ಒಂದ್ಸಲ ಒತ್ತಿದ್ರೆ ಡರ್ರ್ ಅನ್ನೋದು?"

"ಮತ್ತೆ? ಮಾವ ಸುಳ್ಳು ಹೇಳ್ತಿದ್ರಾ?"

ಆಚೆ ಸಿಹಿತಿಂಡಿಯ ಮೇಜಿನ ಹತ್ತಿರ ಏನೋ ಒಡೆದ ಸದ್ದಾಯಿತು. ನೊರೀನ್‌ಳ ಕೈಯಿಂದ ಬಾಳೆಹಣ್ಣಿನ ಪುಡಿಂಗಿನ ಬಟ್ಟಲು ಜಾರಿತ್ತು. ಅವಳ ಕೈಯಿಂದ ಎಂದೂ ಒಂದು ಚಮಚ ಬಿದ್ದದ್ದಿಲ್ಲ. ಅವಳು ಹೊಲಿದ ಕೌದಿಗಳು ಆ ಜಿಲ್ಲೆಯ ಮನೆಮನೆಯಲ್ಲಿದ್ದವು. ಎಡಕ್ಕೆ ವಾಲಿದ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ, ಕೊನೆಗೆ ಕತ್ತರಿಯ ಹಾಗೆ ಅಡ್ಡಹಾಯ್ದ ಎರಡು ಎಳೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಹೆಂಗಸರು ಇದು ನೊರೀನ್‌ಳದು ಎನ್ನುತ್ತಿದ್ದರು. ಅಂಥ ಕೈಯಿಂದ ಬಟ್ಟಲು ಬಿದ್ದಿತ್ತು. ಗಂಡನ ಸುಳ್ಳಿಗೆ ನಾಚಿಕೊಂಡಳು ಎಂದು ಲೋವೆಲ್ ತಿಳಿದ.

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ: "ಯಾಕ್ ಹಾಗಂದೆ?"

"ಸುಮ್ನೆ ಬಾಯಿಗ್ ಬಂತು ಕಣೇ."

"ಬರೀ ಬಾಯಿಗೇ ಬಂತಾ?"

"ಮತ್ತೆಲ್ಲಿಂದ ಬರುತ್ತೆ?"

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿ, ದೀಪ ಆರಿಸಿದಳು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಪಿಕಪ್ಪುಗಳ ಸಾಲು. ಎಸ್ಟಿಲ್ ತನ್ನ ಗಾಡಿಯಲ್ಲಿ ಕೆಟ್ಟುಹೋದ ಫ್ರಿಜ್ಜೊಂದನ್ನು ಹೇರಿಕೊಂಡು ಬಂದಿದ್ದ, ಗುರಿಗೆ ಬೇಕಾಗುತ್ತದೆಂದು. ಹೋಬರ್ಟ್ ಅಣ್ಣನೂ ಬಂದಿದ್ದ. ದುಃಖದಲ್ಲಿರುವ ಮನೆಯವರನ್ನು ಮಾತಾಡಿಸಲು ಬಂದೆ ಎಂದ, ಕಿವಿಗೆ ತುಂಬಲು ಹತ್ತಿ ಮಾತ್ರ ಜೇಬಿನಲ್ಲಿತ್ತು.

"ತೆಗಿ ಹೊರಗೆ, ನೋಡೇಬಿಡಾಣ," ಎಂದ ಎಸ್ಟಿಲ್.

"ಬೀಗ ಹಾಕಿಟ್ಟಿದೀನಿ. ಅದೇನು ಕಡಲೆಬೀಜದ ಡಬ್ಬನಾ, ಬಂದೋರಿಗೆಲ್ಲ ತೆಗೆಯೋಕೆ?"

"ಅದೂ ಸರಿಯೇ. ಕಾಗದ ಇದೆ ತಾನೆ?"

"ಯಾವ ಕಾಗದ?"

ಎಸ್ಟಿಲ್ ಫ್ರಿಜ್ಜಿಗೆ ಒರಗಿಕೊಂಡು, ಉಸಿರು ತುಂಬಿಕೊಂಡು ಹೇಳಿದ: "ಅಳಿಲು ಹೊಡೆಯೋ ಬಂದೂಕಲ್ಲಪ್ಪ ಇದು. ಒಂದ್ಸಲ ಒತ್ತಿದ್ರೆ ಬಿಡೋವರೆಗೂ ಉಗುಳೋದು. ಎಂಬತ್ತಾರ್ನೇ ಇಸವಿ ಮೇ ತಿಂಗ್ಳಲ್ಲಿ ಸರ್ಕಾರ ಬಾಗ್ಲು ಹಾಕ್ಬಿಡ್ತು. ಅಷ್ಟ್ರೊಳಗೆ ಅವ್ರ ಪಟ್ಟೀಲಿ ಹೆಸರು ಬರೆಸ್ಕೊಂಡಿದ್ದ ಗನ್ನು ಮಾತ್ರ ನಮ್ಮಂಥೋರು ಇಟ್ಕೋಬಹುದು, ಕೊಡ್ಬಹುದು, ತಗೋಬಹುದು. ಅದಕ್ಕೂ ಫೋಟೋ ಕೊಡ್ಬೇಕು, ಹತ್ತೂ ಬೆರಳಚ್ಚು ಒತ್ತಬೇಕು, ಇನ್ನೂರು ಡಾಲರ್ ತೆರಿಗೆ ಕಟ್ಬೇಕು, ಶೆರಿಫ್‌ಗೆ ತಿಳಿಸ್ಬೇಕು, ಆಮೇಲೆ ಅವ್ರು ಹೂಂ ಅನ್ನೋವರ್ಗೂ ತಿಂಗಳುಗಟ್ಲೆ ಕಾಯ್ಬೇಕು. ಸತ್ತೋರಿಂದ ವಾರಸುದಾರಂಗೆ ಬಂದ್ರೆ ತೆರಿಗೆ ಮಾಫಿ. ಹೊಸದಾಗಿ ಒಂದೂ ಪಟ್ಟಿಗೆ ಸೇರಂಗಿಲ್ಲ, ಅದ್ಕೇ ಹಳೇದಕ್ಕೆ ಈ ಪಾಟಿ ಬೆಲೆ. ಹೊಸಾ ಪಿಕಪ್ಪೇ ಬರುತ್ತೆ."

"ಕಾಗದ ಇಲ್ದಿದ್ರೆ?"

"ಇಲ್ದಿದ್ರೆ ಹತ್ತು ವರ್ಷ ಜೈಲು."

"ಇದೆ, ಇದೆ," ಎಂದ ಲೋವೆಲ್. "ಕಾಗದ ಎಲ್ಲ ಸರಿಯಾಗಿದೆ."

ಹೊಸ ಪಿಕಪ್ಪಿನ ಬೆಲೆ ಎಂಬ ಮಾತಿಗೆ ರೆಕ್ಕೆ ಇತ್ತು. ಅದು ಸಂಜೆಯೊಳಗೆ ಡೇಟನ್ ಮುಟ್ಟಿ, ಮಾರನೆಯ ಮಧ್ಯಾಹ್ನ ಗಾರ್ಲೆಂಡ್‌ನನ್ನು ಹೊತ್ತುಕೊಂಡು ವಾಪಸು ಬಂತು.

"ಭಾವ, ಅಪ್ಪನ ಆಸ್ತೀಲಿ ಮಗಂಗೆ ಅರ್ಧ. ಗನ್ ಮಾರಿ ಅರ್ಧ ಎಣಿಸು."

ಲೋವೆಲ್ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದ. ಆದರೂ ಅವನಿಗೆ ಥಟ್ಟನೆ ಒಂದು ಉಪಾಯ ಹೊಳೆಯಿತು; ಅವನ ಉಪಾಯಗಳೆಲ್ಲ ಥಟ್ಟನೆ ಹೊಳೆಯುವಂಥವೇ, ನಿಧಾನವಾಗಿ ಸುಡುವಂಥವೇ. "ಅಯ್ಯೋ, ಅದಕ್ಕೆ ಕಾಗದ ಇಲ್ಲ ಕಣಯ್ಯ. ಮೂರು ಕಾಸಿನ ಬೆಲೆ ಇಲ್ಲ. ಮಾರೋಕೆ ಹೋದ್ರೆ ಕೈಗೆ ಕೋಳ."

"ಎಸ್ಟಿಲ್ ಹತ್ರ ಇದೆ ಅಂದೆಯಂತೆ?"

"ಅದು ಎಸ್ಟಿಲ್‌ಗೆ ಹೇಳಿದ್ದು."

ಗಾರ್ಲೆಂಡ್ ಕೆಂಪಗಾದ, ಬಿಳಿಚಿಕೊಂಡ, ಮತ್ತೆ ಕೆಂಪಗಾದ. "ಕಾಗದ ಇಲ್ದ ಮಷೀನ್ ಗನ್ನು ನನ್ ತಂಗಿ ಮನೇಲಿ ಇಟ್ಟಿದೀಯಾ? ಅವಳನ್ನೂ ಒಳಗೆ ಹಾಕಿಸ್ತೀಯಾ?" ಎಂದು ಕೂಗಿದ. ಆ ಕಣಿವೆಯಲ್ಲಿ ಕೂಗಿದ ಮಾತು ಎದುರು ಗುಡ್ಡಕ್ಕೆ ಬಡಿದು ಎರಡು ಸಲ ಕೇಳಿಸುತ್ತದೆ. ಅಲ್ಲಿಂದ ಅವನು ಸೀದಾ ಪೇಟೆಯ ಹೋಟೆಲಿಗೆ ಹೋಗಿ, ಗುಡ್ಡಕ್ಕೆ ಬಡಿಯುವ ಅಗತ್ಯವಿಲ್ಲದೆಯೇ ಅದನ್ನು ಇನ್ನೂ ಹತ್ತು ಸಲ ಕೇಳಿಸಿದ. ಮೂಲೆಯ ಮೇಜಿನಲ್ಲಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಕೋಯ್ ಸ್ಲೋನ್ ಮೊಟ್ಟೆ ತಿನ್ನುತ್ತಿದ್ದ.

ಕೋಯ್ ಸ್ಲೋನ್ ಒಳ್ಳೆಯ ಮನುಷ್ಯ. ಬಂದವನೇ ಟೋಪಿ ತೆಗೆದು, ಜಗಲಿಯಲ್ಲಿ ಕೂತು, ಮೊದಲು ನಾಯಿಯನ್ನು ಮಾತಾಡಿಸಿದ. ನಾಯಿಗೆ ಕೇಳಿಸಲಿಲ್ಲ.

"ನೊರೀನಕ್ಕ ಚೆನ್ನಾಗಿದಾರಾ? ನಮ್ ಮದುವೇಲಿ ಅವ್ರು ಕೊಟ್ಟ ಕೌದಿ ಹೊದ್ದೇ ಇವತ್ತಿಗೂ ಮಲಗೋದು. ಇರ್ಲಿ. ಕಾಗದ ಇದ್ರೆ ತೋರಿಸಿಬಿಡು ಲೋವೆಲಣ್ಣ, ಕಾಫಿ ಕುಡಿದು ಹೋಗ್ತೀನಿ."

"ಕಾಗದ ಇದೆ."

"ಗಾರ್ಲೆಂಡ್ ಇಲ್ಲ ಅಂತಾನೆ."

"ಅವ್ನು ಪಾಲು ಕೇಳಬಾರ್ದು ಅಂತ ಇಲ್ಲ ಅಂದೆ."

"ಹಾಗಾದ್ರೆ ಇದೆ."

"ಇಲ್ಲ."

"ಇಲ್ವಾ? ಇಲ್ದಿದ್ರೆ ಗನ್ ಕೊಟ್ಬಿಡು. ಪಟ್ಟಿಗೆ ಸೇರಿಸೋ ದಾರಿ ಇಲ್ಲ. ಅರವತ್ತೆಂಟರಲ್ಲಿ ಒಂದೇ ಒಂದು ತಿಂಗಳು ಮಾಫಿ ಕೊಟ್ಟಿದ್ರು. ಆಗ ನಿಮ್ಮ ಮಾವ ಮೀನು ಹಿಡೀತಾ ಕೂತಿದ್ರು ಅನ್ಸುತ್ತೆ. ತಾನಾಗಿ ತಂದುಕೊಟ್ರೆ ಅಲ್ಲಿಗೇ ಮುಗೀತು. ಯಾರೂ ಏನೂ ಕೇಳಲ್ಲ."

"ಎಲ್ಲಿಂದ ಕೊಡ್ಲಿ ಕೋಯ್? ಗನ್ನೇ ಇಲ್ಲ! ಬಾಯಿಗ್ ಬಂದಿದ್ದು ಅಂದೆ!"

ಶೆರಿಫ್ ನಿಟ್ಟುಸಿರುಬಿಟ್ಟ. "ಈ ಕೆಲಸಕ್ಕೆ ಬಂದಾಗಿಂದ ಎಲ್ರೂ ನಂಗೆ ಗನ್ ಇಲ್ಲ ಅಂತಲೇ ಹೇಳೋದು. ಆದ್ರೆ ಇಡೀ ಚರ್ಚಿಗೆ ಇದೆ ಅಂತ ಸಾರಿ, ಆಮೇಲೆ ಇಲ್ಲ ಅಂದೋನು ನೀನೇ ಮೊದಲು."

ಬಾಗಿಲ ಹಿಂದೆ ನೊರೀನ್ ಕಾಫಿ ಲೋಟ ಹಿಡಿದು ನಿಂತಿದ್ದಳು. ಕಾಫಿ ಆರಿಹೋಯಿತು, ಅವಳು ಹೊರಗೆ ಬರಲಿಲ್ಲ.

ಲಾಯರ್ ಇಮೊಜೀನ್ ಪ್ರೇಟರ್ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

"ನೋಡಿ ಟ್ಯಾಕೆಟ್ ಅವ್ರೇ. ಗನ್ ಇದ್ದು ಕಾಗದ ಇದ್ರೆ ನೀವು ಮರ್ಯಾದಸ್ಥರು. ಗನ್ ಇದ್ದು ಕಾಗದ ಇಲ್ದಿದ್ರೆ ಅಪರಾಧಿ. ಗನ್ನೇ ಇಲ್ದಿದ್ರೆ ಬರೀ ಸುಳ್ಳುಗಾರ. ಸಾವಿನ ಊಟದಲ್ಲಿ ಸುಳ್ಳು ಹೇಳಿದ್ರೆ ಶಿಕ್ಷೆ ಇಲ್ಲ."

"ಅಬ್ಬಾ!"

"ಆದ್ರೆ ಸುಳ್ಳುಗಾರ ಅಂತ ನಂಬಿಸ್ಬೇಕಲ್ಲ. ಸುಳ್ಳುಗಾರನ ಮಾತನ್ನ ಯಾರು ನಂಬ್ತಾರೆ?"

ಲೋವೆಲ್ ಆ ಪ್ರಶ್ನೆಯನ್ನು ದಾರಿಯುದ್ದಕ್ಕೂ ತಿರುವಿಹಾಕಿದ. ಅದಕ್ಕೆ ಎರಡೂ ಕಡೆ ಒಂದೇ ಮುಖವಿತ್ತು.

ಕೇಂದ್ರ ಸರ್ಕಾರದ ಬಂದೂಕು ಇಲಾಖೆಯವರು ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಎಷ್ಟು ಮರ್ಯಾದಸ್ಥರೆಂದರೆ, ಒಳಗೆ ಬರುವ ಮುನ್ನ ಬೂಟು ಒರೆಸಿಕೊಂಡು, ಆಮೇಲೆ ಆ ಮನೆಯ ನೆಲ ಕಿತ್ತರು. ನೆರೆಯವರು ಮಡಚುವ ಕುರ್ಚಿ ತಂದು ರಸ್ತೆಯಾಚೆ ಹಾಕಿಕೊಂಡರು. ಫ್ರೀಜರ್ ಬರಿದು ಮಾಡಿದಾಗ ಜಿಂಕೆಮಾಂಸದ ಪೊಟ್ಟಣಗಳು ಅಂಗಳದಲ್ಲಿ ಸಾಲಾಗಿ ಮಲಗಿದವು. ನಾಯಿಗೂಡನ್ನು ಎತ್ತಿ ನೋಡಿದರು. ಹೊಗೆಕೊಳವೆಯೊಳಗೆ ಕೈ ಹಾಕಿದರು. ಮುದುಕರು ಎಂದೋ ಬಚ್ಚಿಟ್ಟಿದ್ದ ಸಾರಾಯಿಯ ಗಾಜಿನ ಜಾಡಿಯೊಂದು ಸಿಕ್ಕಿತು.

"ಅಲ್ಲೇ ಇತ್ತಾ ಅದು!" ಎಂದ ಎಸ್ಟಿಲ್ ರಸ್ತೆಯಾಚೆಯಿಂದ.

ಗನ್ ಮಾತ್ರ ಸಿಗಲಿಲ್ಲ. ಇನ್ನು ಸಮಾಧಾನ ಎಂದುಕೊಂಡ ಲೋವೆಲ್. ಕೋಲ್ಡ್ ಬ್ರಾಂಚ್ ಬೇರೆಯೇ ತೀರ್ಪು ಕೊಟ್ಟಿತು. "ಅಬ್ಬಾ, ಲೋವೆಲ್! ಏನ್ ತಲೆ! ಸರ್ಕಾರಕ್ಕೂ ಸಿಗದ ಹಾಗೆ ಬಚ್ಚಿಟ್ಟಿದಾನೆ," ಎಂದು ಜನ ಮೊದಲ ಸಲ ಅವನನ್ನು ಮೆಚ್ಚಿದರು. ಇಲಾಖೆಯ ಹೆಂಗಸಿಗೂ ಅದೇ ಕಂಡಿತು. ಅವಳು ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಹೇಳಿದಳು:

"ನೀವಾಗಿ ಕೊಡೋ ಕಾಲ ಮುಗೀತು ಟ್ಯಾಕೆಟ್ ಅವ್ರೇ. ಇನ್ನು ನಾವು ಬರ್ತಾನೇ ಇರ್ತೀವಿ. ನಿಮ್ಮನೆ, ನಿಮ್ಮ ಹೆಂಡತಿಯ ಹೊಲಿಗೆ ಕೋಣೆ, ನಿಮ್ಮ ಚರ್ಚು. ಈ ಮನೆ ಯಾರ ಹೆಸರಲ್ಲಿದೆ? ನಿಮ್ಮ ಹೆಂಡತಿ ಹೆಸರಲ್ಲಿ ಅಲ್ವಾ?"

ಆಗ ಲೋವೆಲ್‌ಗೆ ಕೊನೆಯ ಉಪಾಯ ಹೊಳೆಯಿತು. ಯಾರೂ ಎಂದೂ ಅಗೆಯದ ಜಾಗ ಒಂದೇ. ಗಣಿಯವರು ಕಲ್ಲಿದ್ದಲಿಗಾಗಿ ಮದ್ದಿಟ್ಟು ಗುಡ್ಡದ ತಲೆಯನ್ನೇ ಹಾರಿಸಿದಾಗಲೂ ಸ್ಮಶಾನದ ಬೇಲಿ ಬಳಸಿ ಹೋಗಿದ್ದರು.

"ಅದು ಮಾವನ ಜೊತೆಗೇ ಹೋಯ್ತು," ಎಂದ. "ಪೆಟ್ಟಿಗೇಲಿ. ಮಣ್ಣಲ್ಲಿದೆ. ಸಾಕಾ?"

ರಸ್ತೆಯಾಚೆಯ ಕುರ್ಚಿಗಳು ಕಿರುಗುಟ್ಟಿದವು. ಹೆಂಗಸರು ಬಾಯಿಗೆ ಕೈಯಿಟ್ಟುಕೊಂಡರು. ಇಲಾಖೆಯವರು ಮರ್ಯಾದೆಯಿಂದ ಬರೆದುಕೊಂಡು, ಮರ್ಯಾದೆಯಿಂದ ಹೊರಟುಹೋದರು.

ಒಳಗೆ ನೊರೀನ್ ಕಿತ್ತ ನೆಲದ ನಡುವೆ ಕುರ್ಚಿಯೊಂದನ್ನು ಹುಡುಕಿಕೊಂಡು ಕೂತಿದ್ದಳು.

"ನಿಂಗ್ಯಾರು ಹೇಳಿದ್ರು?" ಎಂದಳು.

"ಯಾರ್ ಹೇಳ್ಬೇಕು? ನನ್ ತಲೆಯೇ. ಬ್ಲೆವಿನ್ಸ್ ಮನೆಯವರ ಗೋರಿ ಅಗೆಯೋ ಧೈರ್ಯ ಯಾವ ನ್ಯಾಯಾಧೀಶಂಗಿದೆ ಹೇಳು?"

ಅವಳು ನಗಲು ಹೋದಳು. ಅರ್ಧದಲ್ಲಿ ಅದು ಬೇರೆ ಏನೋ ಆಯಿತು. "ಅಯ್ಯೋ ನನ್ನಪ್ಪಾ," ಎಂದಳು, ಗಂಡನಿಗೋ ಅಪ್ಪನಿಗೋ ತಿಳಿಯಲಿಲ್ಲ.

ಅಂಥ ಧೈರ್ಯದ ನ್ಯಾಯಾಧೀಶರು ಒಬ್ಬರಿದ್ದರು. ವಾರ ಕಳೆಯುವುದರೊಳಗೆ ಗೋರಿ ತೆರೆಯುವ ಆಜ್ಞೆಗೆ ರುಜು ಬಿತ್ತು.

ಅಗೆಯುವ ಯಂತ್ರ ಆ ಗುಡ್ಡ ಹತ್ತುವುದಿಲ್ಲ. ಹೂಳಲು ಅಗೆದವರೇ ತೆಗೆಯಲೂ ಅಗೆಯಬೇಕಾಯಿತು. ಎಸ್ಟಿಲ್ ಮೊದಲ ಗುದ್ದಲಿ ಹಾಕುವ ಮೊದಲು ಟೋಪಿ ತೆಗೆದು, "ಎಲ್ಜಿ ದೊಡ್ಡಪ್ಪ, ನಮ್ದೇನೂ ತಪ್ಪಿಲ್ಲ, ಎಲ್ಲ ನಿಮ್ಮ ಅಳಿಯಂದು," ಎಂದ. ಬೆಟ್ಟ ಅಗೆದು ಇಲಿ ಹಿಡಿಯುವುದು ಎನ್ನುತ್ತಾರಲ್ಲ. ಇಲ್ಲಿ ಇಲಿಯೂ ಇಲ್ಲವೆಂದು ಲೋವೆಲ್ ಒಬ್ಬನಿಗೇ ಗೊತ್ತಿತ್ತು. ಗೋರಿ ತೆರೆದು ಏನೂ ಸಿಗದಿದ್ದರೆ ಮುಂದಿನದು ಜೈಲಲ್ಲ; ಅದಕ್ಕಿಂತ ದೊಡ್ಡದು. ಮಾವನ ನಿದ್ದೆ ಕೆಡಿಸಿದವನ ಜೊತೆ ಆ ಕಣಿವೆಯಲ್ಲಿ ಯಾರು ಬೀನ್ಸು ತಿನ್ನುತ್ತಾರೆ? ನೊರೀನ್ ಯಾವ ಮುಖ ಹೊತ್ತು ಚರ್ಚಿಗೆ ಹೋಗುತ್ತಾಳೆ? ಅವಳು ಅವನ ಪಕ್ಕದಲ್ಲೇ, ಕಪ್ಪು ಉಡುಪಿನಲ್ಲಿ, ಗುಂಡಿಯನ್ನಲ್ಲದೆ ಬೇರೇನನ್ನೂ ನೋಡದೆ ನಿಂತಿದ್ದಳು.

ಹೋಬರ್ಟ್ ಅಣ್ಣ ಒಂದು ಸಾಲು ಎತ್ತಿಕೊಟ್ಟ. ಜನ ಹಿಡಿದುಕೊಂಡರು. ಲೋವೆಲ್‌ಗೆ ಅರ್ಧ ಸಾಲು ಹಿಂದೆಯೂ ಬಾಯಿ ಬರಲಿಲ್ಲ.

ಪೆಟ್ಟಿಗೆ ಮೇಲೆ ಬಂತು. ಮುಚ್ಚಳ ತೆರೆಯಿತು. ಹಾಡು ತಾನಾಗಿ ನಿಂತಿತು. ಇಲಾಖೆಯ ಗಂಡಸು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮುದುಕರ ಕಾಲ ಮೇಲಿನ ಕೌದಿಯನ್ನು ಮೆಲ್ಲಗೆ ಸರಿಸಿದ. ಬಲಗಾಲಿಗೆ ಒತ್ತಿಕೊಂಡು, ಮಗುವನ್ನು ಮಲಗಿಸಿದ ಹಾಗೆ, ಗೋಣಿಬಟ್ಟೆಯ ಗಂಟೊಂದಿತ್ತು. ಹೊಲಿಗೆ ಬಿಚ್ಚಿದ. ಹಿಡಿ ಮಡಚಿಕೊಂಡ ಕಪ್ಪನೆಯ ಜರ್ಮನ್ ಮಷೀನ್ ಗನ್, ಎಣ್ಣೆ ಹಚ್ಚಿದ್ದು. ಜೊತೆಗೆ ಗುಂಡು ತುಂಬಿದ ಆರು ಉದ್ದನೆಯ ಡಬ್ಬಿ.

"ಪಾಪದ ಭಾರ ಅಲ್ಲ," ಎಂದ ಎಸ್ಟಿಲ್, ತನಗೇ ಕೇಳಿಸುವ ಹಾಗೆ.

ಅಲ್ಲಿದ್ದವರಲ್ಲಿ ಅತ್ಯಂತ ಬೆಚ್ಚಿಬಿದ್ದವನು ಲೋವೆಲ್. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಜೀವಮಾನದಲ್ಲಿ ಅವನು ಹೇಳಿದ ಒಂದೇ ದೊಡ್ಡ ಸುಳ್ಳನ್ನು ಯಾರೋ ಅವನಿಗಿಂತ ಮೊದಲೇ ನಿಜ ಮಾಡಿಟ್ಟಿದ್ದರು.

"ಇದನ್ನ ಇಲ್ಲಿ ಇಟ್ಟೋರು ಯಾರು?" ಎಂದಳು ಇಲಾಖೆಯ ಹೆಂಗಸು, ಬಿಚ್ಚಿದ ಗೋಣಿಬಟ್ಟೆಯನ್ನು ಎತ್ತಿ ಹಿಡಿದು.

ಬೆಳಗಿನ ಬಿಸಿಲು ಬಟ್ಟೆಯ ಮೇಲೆ ಬಿತ್ತು. ಎಡಕ್ಕೆ ವಾಲಿದ ಹೊಲಿಗೆ, ಅಕ್ಕಿಕಾಳಿನಷ್ಟು ಸಣ್ಣದು. ಕೊನೆಯಲ್ಲಿ ಕತ್ತರಿಯ ಹಾಗೆ ಅಡ್ಡಹಾಯ್ದ ಎರಡು ಎಳೆ.

ಮುಂದಿನ ಸಾಲಿನ ಹೆಂಗಸರು ನೋಡಿದರು. ಆಮೇಲೆ ನೆಲ ನೋಡಿದರು. ಶೆರಿಫ್ ಕೋಯ್ ಸ್ಲೋನ್ ನೋಡಿದ. ಎಷ್ಟೋ ವರ್ಷ ರಾತ್ರಿ ಗಲ್ಲದವರೆಗೆ ಎಳೆದುಕೊಂಡ ಹೊಲಿಗೆ ಅದು. ಲೋವೆಲ್ ಎಂದಿನಂತೆ ಎಲ್ಲರಿಗಿಂತ ಅರ್ಧ ಸಾಲು ಹಿಂದೆ ನೋಡಿದ. ಪಕ್ಕದಲ್ಲಿ ನೊರೀನ್ ಉಸಿರೆಳೆದುಕೊಂಡು, ಒಂದು ಹೆಜ್ಜೆ ಮುಂದಿಟ್ಟು, ಬಾಯಿ ತೆರೆದಳು.

ಲೋವೆಲ್ ಅವಳ ಪಾದವನ್ನು ತನ್ನ ಬೂಟಿನಿಂದ ಜೋರಾಗಿ ತುಳಿದ.

"ನಾನೇ," ಎಂದ. "ನಾನೇ ಇಟ್ಟೆ."

"ಹೊಲಿದದ್ದು?"

"ಅದೂ ನಾನೇ."

ಇಲಾಖೆಯ ಹೆಂಗಸು ಅವನ ಕೈಗಳನ್ನು ನೋಡಿದಳು. ಬೆರಳು ಒಂದೊಂದೂ ಜೋಳದ ತೆನೆಯಷ್ಟು ದಪ್ಪ. "ನೀವು ಹೊಲೀತೀರಾ?"

ಸತ್ಯ ಹೇಳಿದಾಗ ಯಾರೂ ನಂಬದ ಮನುಷ್ಯ ಸುಳ್ಳು ಹೇಳಿ, ಅದನ್ನು ಒಬ್ಬರಾದರೂ ನಂಬಲಿ ಎಂದು ನಿಂತಿದ್ದ.

"ಹೊಲೀತಾನೆ," ಎಂದ ಕೋಯ್ ಸ್ಲೋನ್. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ: "ನಾನೇ ಕಣ್ಣಾರೆ ನೋಡಿದೀನಿ."

"ನನ್ ಪ್ಯಾಂಟು ಹರಿದಾಗ ಹಾಕ್ಕೊಟ್ಟಿದಾನೆ," ಎಂದ ಎಸ್ಟಿಲ್. "ಏನ್ ಕೈ ಅಂತೀರಾ! ಹೆಂಗಸ್ರು ನಾಚ್ಬೇಕು."

"ನಮ್ಮನೆ ಪರದೆ ಎಲ್ಲ ಅವನದೇ," ಎಂದಳು ಒಬ್ಬ ಮುದುಕಿ.

ಗಾರ್ಲೆಂಡ್ ತಂಗಿಯನ್ನು ನೋಡಿದ, ಬಟ್ಟೆಯನ್ನು ನೋಡಿದ. ಎದೆಯ ಮೇಲಿನ ಪದಕವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. "ಭಾವಂಗೆ ಚಿಕ್ಕಂದಿನಿಂದ ಅದೇ ಹುಚ್ಚು," ಎಂದ. ಇಲಾಖೆಯ ಹೆಂಗಸು ಕೊನೆಗೆ ಪಾದ್ರಿಯ ಕಡೆ ತಿರುಗಿದಳು. ಜೀವಮಾನವಿಡೀ ಸುಳ್ಳಾಡದ ಹೋಬರ್ಟ್ ಅಣ್ಣ ಕಣ್ಣು ಮುಚ್ಚಿಕೊಂಡು, ಗಂಟಲು ಸರಿ ಮಾಡಿಕೊಂಡು, ಒಂದು ಸಾಲು ಎತ್ತಿಕೊಟ್ಟ. ಜನ ಅದನ್ನು ಹಿಡಿದು ಎಷ್ಟು ಎಳೆದರೆಂದರೆ, ಅದು ಮುಗಿಯುವಷ್ಟರಲ್ಲಿ ಲೋವೆಲ್‌ನ ಕೈಗೆ ಕೋಳ ಬಿದ್ದಿತ್ತು.

ಕಾರಿನ ಬಾಗಿಲ ಹತ್ತಿರ ನೊರೀನ್ ಕುಂಟುತ್ತ ಬಂದಳು. ಕಾಲಬೆರಳು ಊದಿಕೊಂಡಿತ್ತು.

"ಅಪ್ಪ ಹೋದ ದಿನ ಅದು ಮಂಚದ ಕೆಳಗೆ ಸಿಕ್ತು," ಎಂದಳು ಪಿಸುದನಿಯಲ್ಲಿ. "ಕೊಡೋಕೆ ಹೋದ್ರೆ ಸತ್ತೋರಿಗೆ ಕಳ್ಳ ಅನ್ನೋ ಹೆಸರು ಬರುತ್ತೆ ಅನ್ನಿಸ್ತು. ಅವ್ರೇ ತಂದಿದ್ದು, ಅವ್ರೇ ತಗೊಂಡೋಗ್ಲಿ ಅಂತ ಜಾಗರಣೆ ರಾತ್ರಿ ಪೆಟ್ಟಿಗೇಲಿಟ್ಟೆ. ನಿಂಗೆ ಹೇಳಿದ್ರೆ ಇಡೀ ಚರ್ಚಿಗೆ ಹೇಳಿದ ಹಾಗೆ. ಅದ್ಕೇ ಹೇಳ್ಲಿಲ್ಲ."

"ಹೇಳ್ದೇನೂ ಇಡೀ ಚರ್ಚಿಗೆ ಹೇಳ್ಬಿಟ್ಟೆ ನೋಡು," ಎಂದ ಲೋವೆಲ್.

"ನಾನು ಹೋಗಿ ಒಪ್ಕೋತೀನಿ."

"ಯಾರ್ ನಂಬ್ತಾರೆ? ಇಡೀ ಊರು ಸಾಕ್ಷಿ ಹೇಳಿದೆ. ಪಾದ್ರಿ ಬೇರೆ ಹಾಡ್ಬಿಟ್ರು. ಜೈಲಿನ ಬೀನ್ಸು ನಿಂಗೆ ಆಗಲ್ಲ ಕಣೇ. ಮನೆಗ್ ಹೋಗಿ ನೆಲ ಹಾಕಿಸು."

ಇಮೊಜೀನ್ ಪ್ರೇಟರ್ ಕೈಲಾದದ್ದು ಮಾಡಿದಳು. ಸುಳ್ಳು ತಾನಾಗಿ ನಿಜವಾದರೆ ಏನು ಮಾಡಬೇಕೆಂಬುದಕ್ಕೆ ಕಾನೂನಿನಲ್ಲಿ ಕಲಮು ಇಲ್ಲವೆಂದಳು. ತಾನೇ ಜಾಗ ತೋರಿಸಿದ ಎಂಬ ಕಾರಣಕ್ಕೆ ನ್ಯಾಯಾಧೀಶರು ಹತ್ತನ್ನು ಎರಡು ವರ್ಷಕ್ಕಿಳಿಸಿದರು. ಮಷೀನ್ ಗನ್ನನ್ನು ಸರ್ಕಾರ ಗ್ಯಾಸ್ ಬೆಂಕಿಯಿಂದ ತುಂಡುತುಂಡಾಗಿ ಕತ್ತರಿಸಿತು. ಶಿಕ್ಷೆಯಾದವನು ಯಾವ ಬಂದೂಕನ್ನೂ ಮುಟ್ಟುವಂತಿಲ್ಲವಾದ್ದರಿಂದ, ಲೋವೆಲ್ ಹನ್ನೆರಡನೇ ವಯಸ್ಸಿನಿಂದ ಇಟ್ಟುಕೊಂಡಿದ್ದ ಅಳಿಲಿನ ಬಂದೂಕನ್ನು ಗಾರ್ಲೆಂಡ್ ಒಯ್ದ. ಹಾಗೆ ಮಾವನ ಆಸ್ತಿಯಲ್ಲಿ ಅವನಿಗೆ ಉಳಿದದ್ದು ಮತ್ತೆ ನಾಯಿಯೇ. ಅದು ದಿನವಿಡೀ ಜಗಲಿಯಲ್ಲಿ ಕೂತು, ಯಾರೂ ಕರೆಯದೆ ಇದ್ದಾಗ ಮಾತ್ರ ರಸ್ತೆಯ ಕಡೆ ಕಿವಿ ನಿಮಿರಿಸುತ್ತಿತ್ತು.

ಜೈಲಿನವರು ಕಾಗದಪತ್ರ ಓದಿ ಕೆಲಸ ಹಂಚುವವರು. ಹೊಲಿಗೆಯಲ್ಲಿ ನುರಿತವನು, ಶೆರಿಫ್ ಸಹಿತ ಊರವರ ಸಾಕ್ಷಿಯಿದೆ ಎಂದು ಅದರಲ್ಲಿತ್ತು. ಲೋವೆಲ್‌ನನ್ನು ಕೈದಿಗಳ ಹರಿದ ಬಟ್ಟೆ ಹೊಲಿಯುವ ಕೋಣೆಗೆ ಹಾಕಿದರು. ಮೊದಲ ವಾರ ಅವನು ಒಬ್ಬ ಬ್ಯಾಂಕ್ ದರೋಡೆಕೋರನ ಅಂಗಿಯ ಎರಡೂ ತೋಳುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದ. ಎರಡನೇ ವಾರ ತನ್ನ ಪ್ಯಾಂಟನ್ನೇ ಮೇಜಿನ ಬಟ್ಟೆಗೆ ಹೊಲಿದುಕೊಂಡ; ಊಟದ ಗಂಟೆಗೆ ಎದ್ದಾಗ ಮೇಜಿನ ಮೇಲಿದ್ದದ್ದೆಲ್ಲ ಜೊತೆಗೆ ಬಂತು. ಮೇಲ್ವಿಚಾರಕ ಅನುಮಾನದಿಂದ ನೋಡತೊಡಗಿದ. ಸಾಕ್ಷಿ ಸುಳ್ಳೇ ಎಂದು ಯಾರಾದರೂ ಕೇಳಿದರೆ, ಮತ್ತೆ ಗೋಣಿಬಟ್ಟೆ, ಮತ್ತೆ ಹೊಲಿಗೆ, ಮತ್ತೆ ಯಾರದು ಎಂಬ ಪ್ರಶ್ನೆ.

ಭೇಟಿಯ ದಿನ ನೊರೀನ್ ಬಂದಳು. ಸೂಜಿ ತರುವಂತಿಲ್ಲ, ದಾರ ತರುವಂತಿಲ್ಲ. ಅಂಗಿಯ ಪಿನ್ನನ್ನೂ ಬಾಗಿಲಲ್ಲೇ ತೆಗೆಸಿಕೊಂಡಿದ್ದರು. ಅವನು ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ. ಅವನ ಬೆರಳ ತುದಿಯ ಸೂಜಿಗಾಯಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಬರಿಗೈಯಲ್ಲಿ, ಇಲ್ಲದ ಸೂಜಿ ಹಿಡಿದು, ಮೇಜಿನ ಬರಿ ಹಲಗೆಯ ಮೇಲೆ ಒಂದು ಹೊಲಿಗೆ ಹಾಕಿದಳು. ಕೆಳಗಿಂದ ಮೇಲೆ, ಸ್ವಲ್ಪ ಎಡಕ್ಕೆ.

ಕಾವಲಿನವನು ಹತ್ತಿರ ಬಂದ. "ಏನಮ್ಮ ಅದು? ಸನ್ನೆ ಗಿನ್ನೆ ನಡೆಯಲ್ಲ ಇಲ್ಲಿ."

"ಸನ್ನೆ ಅಲ್ಲಪ್ಪ," ಎಂದಳು ನೊರೀನ್. "ನಮ್ಮ ಚರ್ಚಿನ ಪದ್ಧತಿ. ಒಬ್ರು ಎತ್ತಿಕೊಡ್ತಾರೆ, ಇನ್ನೊಬ್ರು ಹಿಡ್ಕೋತಾರೆ."

ಅವನಿಗೆ ಅರ್ಥವಾಗಲಿಲ್ಲ; ಅಪಾಯವೂ ಕಾಣಲಿಲ್ಲ. ಆಚೆ ಹೋದ.

ಅವಳು ಇನ್ನೊಂದು ಹೊಲಿಗೆ ಎತ್ತಿಕೊಟ್ಟಳು. ಲೋವೆಲ್‌ನ ದಪ್ಪ ಬೆರಳು ಹಲಗೆಯ ಮೇಲೆ ಅದರ ಹಿಂದೆ ಹೊರಟಿತು, ಎಂದಿನಂತೆ ಅರ್ಧ ಸಾಲು ತಡವಾಗಿ. ಮುಂದಿನದನ್ನು ಹಾಕದೆ ಅವಳು ಬೆರಳೂರಿಕೊಂಡು ಅಲ್ಲೇ ಕಾದಳು, ಅವನು ಬಂದು ಸೇರುವ ತನಕ.